ಸ್ತನ ಪುನರ್ನಿರ್ಮಾಣ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಕ್ಯಾನ್ಸರಿನಿಂದಾಗಿ ಸ್ತನವನ್ನು ತೆಗೆದ ನಂತರ ಅದನ್ನು ಮತ್ತೆ ರೂಪಿಸುವ ಚಿಕಿತ್ಸೆಯ ಕುರಿತು ಮೈಸೂರು, ಮಂಡ್ಯ ಭಾಗದ ಓದುಗರು ಬರೆದ ನಾಲ್ಕು ಪತ್ರಗಳನ್ನು ಈ ಬಾರಿ ಆಯ್ದುಕೊಂಡಿದ್ದೇನೆ. ಬರೆದವರ ಗುರುತು ತಿಳಿಯುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 41 ವರ್ಷ. ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಮೊದಲು ಕಿಮೋ ಕೊಟ್ಟು, ಐದು ವಾರಗಳ ಹಿಂದೆ ಮೈಸೂರಿನಲ್ಲಿ ಬಲಗಡೆಯ ಸ್ತನವನ್ನು ತೆಗೆದರು. ಅದೇ ಆಪರೇಷನ್ನಿನಲ್ಲಿ ಟಿಶ್ಯೂ ಎಕ್ಸ್‌ಪ್ಯಾಂಡರ್ ಇಟ್ಟಿದ್ದಾರೆ. ಇದುವರೆಗೆ ಎರಡು ಸಲ ಸಲೈನ್ ತುಂಬಿಸಿದ್ದಾರೆ. ಪ್ರತಿ ಸಲವೂ ಎರಡು ದಿನ ಎದೆಗೆ ಪಟ್ಟಿ ಬಿಗಿದಂತಾಗಿ ರಾತ್ರಿ ನಿದ್ದೆ ಬರುವುದಿಲ್ಲ. ಮುಟ್ಟಿದರೆ ಗಟ್ಟಿಯಾಗಿದೆ, ಇನ್ನೊಂದು ಬದಿಗಿಂತ ಮೇಲಕ್ಕೆ ಕುಳಿತಿದೆ. ಕಂಕುಳಿನ ಗಂಟುಗಳಲ್ಲಿ ರೋಗವಿದ್ದುದರಿಂದ ರೇಡಿಯೇಷನ್ ಬೇಕೇ ಬೇಕು ಎನ್ನುತ್ತಾರೆ. ಅತ್ತೆಯವರು, ಮಕ್ಕಳು ದೊಡ್ಡವರಾದ ಮೇಲೆ ಇದೆಲ್ಲ ಯಾಕೆ ಬೇಕಿತ್ತು ಎಂದು ಬೇಸರಪಟ್ಟುಕೊಳ್ಳುತ್ತಾರೆ. ಒಳಗೆ ಪ್ಲಾಸ್ಟಿಕ್ ಇಟ್ಟರೆ ಕಾಯಿಲೆ ಮರುಕಳಿಸುತ್ತದೆಯೆಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಇದನ್ನು ತೆಗೆಸಿಬಿಡಲೇ?

ಉತ್ತರ: ತೆಗೆಸುವ ನಿರ್ಧಾರವನ್ನು ಈಗಲೇ ಮಾಡಬೇಡಿ. ನೀವು ಬರೆದಿರುವ ಬಿಗಿತ, ಗಟ್ಟಿತನ, ಮೇಲಕ್ಕೆ ಕುಳಿತಂತಿರುವುದು, ಈ ಮೂರೂ ಎಕ್ಸ್‌ಪ್ಯಾಂಡರ್ ಇರುವ ಬಹುತೇಕ ಹೆಂಗಸರು ಹೇಳುವ ಮಾತುಗಳೇ. ಅಷ್ಟರಿಂದಲೇ ಏನೋ ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ.

ಒಳಗೆ ಇಟ್ಟಿರುವುದು ಸಿಲಿಕೋನ್ ಹೊದಿಕೆಯ ಒಂದು ಖಾಲಿ ಚೀಲ. ಅದನ್ನು ಎದೆಯ ಸ್ನಾಯುವಿನ ಕೆಳಗೋ ಮೇಲೋ ಇಟ್ಟು, ಗಾಯ ಮಾಯಲು ಎರಡು ಮೂರು ವಾರ ಬಿಟ್ಟು, ಆಮೇಲೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸುಮಾರು 50ರಿಂದ 100 ಮಿಲಿಲೀಟರಿನಷ್ಟು ಸಲೈನನ್ನು ಸೂಜಿಯಿಂದ ತುಂಬಿಸುತ್ತಾ ಹೋಗುತ್ತಾರೆ. ಸೂಜಿ ಚುಚ್ಚುವ ಮೊದಲು ವೈದ್ಯರು ಚರ್ಮದ ಮೇಲೆ ಒಂದು ಪುಟ್ಟ ಸಾಧನವನ್ನು ಆಡಿಸಿ ಗುರುತು ಹಾಕಿದ್ದನ್ನು ನೀವು ನೋಡಿರುತ್ತೀರಿ. ಚೀಲದ ಬಾಯಿಯಲ್ಲಿ ಒಂದು ಅಯಸ್ಕಾಂತವಿದ್ದು, ಸೂಜಿ ಎಲ್ಲಿ ಇಳಿಯಬೇಕೆಂಬುದನ್ನು ಅದರಿಂದ ಕಂಡುಹಿಡಿಯುತ್ತಾರೆ. ಬಸುರಿಯ ಹೊಟ್ಟೆಯ ಚರ್ಮ ತಿಂಗಳು ತಿಂಗಳಿಗೂ ಹೇಗೆ ಬೆಳೆಯುತ್ತದೋ ಇಲ್ಲಿಯೂ ಹಾಗೆಯೇ: ಹದವಾದ ಎಳೆತಕ್ಕೆ ಸಿಕ್ಕಿದ ಚರ್ಮದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ, ಚರ್ಮ ನಿಜವಾಗಿಯೂ ಹೆಚ್ಚುತ್ತದೆ. 1957ರಲ್ಲಿ ನ್ಯೂಮನ್ ಎಂಬ ವೈದ್ಯರು ಕಿವಿಯನ್ನು ಮತ್ತೆ ರೂಪಿಸುವುದಕ್ಕಾಗಿ ರಬ್ಬರ್ ಬಲೂನಿನಿಂದ ಚರ್ಮವನ್ನು ಹಿಗ್ಗಿಸಿದ್ದರು. ಸ್ತನಕ್ಕೆ ಈ ವಿಧಾನವನ್ನು ಬಳಸಿದ ರಾಡೊವಾನ್ ಅವರ ಪ್ರಬಂಧ ಪ್ರಕಟವಾದದ್ದು 1982ರಲ್ಲಿ. ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಹೆಂಗಸರು ಇದನ್ನು ದಾಟಿ ಬಂದಿದ್ದಾರೆ.

ಈಗ ಮೇಲಕ್ಕೆ ಗಟ್ಟಿಯಾಗಿ ಕುಳಿತಿರುವುದು ಕೊನೆಯ ರೂಪವಲ್ಲ. ಜಾಗ ಸಾಕಷ್ಟು ಸಿದ್ಧವಾದ ನಂತರ ಎರಡನೆಯ ಆಪರೇಷನ್ ಮಾಡಿ, ಎಕ್ಸ್‌ಪ್ಯಾಂಡರನ್ನು ಹೊರತೆಗೆದು, ಅದಕ್ಕಿಂತ ಮೃದುವಾದ ಇಂಪ್ಲಾಂಟನ್ನು, ಅಂದರೆ ಒಳಗೇ ಉಳಿಯುವ ಸ್ತನದಾಕಾರದ ಕೃತಕ ದಿಂಬನ್ನು, ಇಡುತ್ತಾರೆ. ಎರಡೂ ಬದಿ ಆದಷ್ಟು ಸರಿಸಮ ಕಾಣುವಂತೆ ತಿದ್ದುವುದು ಆಗಲೇ. ಅಲ್ಲಿಯವರೆಗೆ ಹೊಸ ರವಿಕೆಗಳನ್ನು ಹೊಲಿಸಬೇಡಿ, ಅಳತೆ ಬದಲಾಗುತ್ತಲೇ ಇರುತ್ತದೆ. ಮುಂದೆ ಹುಕ್ಕು ಇರುವ ಸಡಿಲವಾದ ಹಳೆಯ ರವಿಕೆಯೇ ಅನುಕೂಲ, ಕೈಯನ್ನು ಮೇಲೆತ್ತಿ ತೊಡಬೇಕಾದ ಉಡುಪು ಸದ್ಯಕ್ಕೆ ಬೇಡ.

ನೋವಿನ ವಿಷಯದಲ್ಲಿ ನೀವು ಸುಮ್ಮನೆ ಸಹಿಸಿಕೊಳ್ಳುತ್ತಿದ್ದೀರಿ ಎಂದು ಪತ್ರ ಓದಿದಾಗ ಅನ್ನಿಸಿತು. ಹಾಗೆ ಸಹಿಸಬೇಕಾದ ಅಗತ್ಯವೇ ಇಲ್ಲ. ಒಂದು ಸಲಕ್ಕೆ ಎಷ್ಟು ತುಂಬಬೇಕು, ಎಷ್ಟು ದಿನ ಬಿಟ್ಟು ತುಂಬಬೇಕು ಎಂಬುದು ಶಾಸನವಲ್ಲ. 100 ಮಿಲಿಲೀಟರಿಗೆ ತಾಳಲಾರದ ಬಿಗಿತವಾದರೆ 40ಕ್ಕೋ 50ಕ್ಕೋ ನಿಲ್ಲಿಸಬಹುದು, ಒಂದು ವಾರ ತಡೆದು ಮಾಡಬಹುದು. ತುಂಬಿಸುತ್ತಿರುವಾಗಲೇ ಎಳೆತ ಅತಿಯಾಯಿತೆನ್ನಿಸಿದರೆ ಅಲ್ಲೇ ಹೇಳಿ, ತುಂಬಿದ್ದರಲ್ಲಿ ಸ್ವಲ್ಪವನ್ನು ಅದೇ ಸೂಜಿಯಿಂದ ಹಿಂದಕ್ಕೆ ತೆಗೆಯಲು ಬರುತ್ತದೆ. ತುಂಬಿಸುವ ದಿನ ಮನೆಯಿಂದ ಹೊರಡುವ ಮುಂಚೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದೇ, ಸ್ನಾಯು ಸೆಳೆತಕ್ಕೆ ಬೇರೆ ಮಾತ್ರೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅವರನ್ನು ಕೇಳದೆ ಅಂಗಡಿಯಿಂದ ಬೇರೆ ನೋವಿನ ಮಾತ್ರೆ ತರಿಸಬೇಡಿ.

ಮನೆಯಲ್ಲಿ ಪ್ರೀತಿಯಿಂದಲೇ ನಡೆಯುವ ಒಂದು ಉಪಚಾರದ ಬಗ್ಗೆ ಮಾತ್ರ ಖಂಡಿತವಾಗಿ ಎಚ್ಚರಿಸುತ್ತೇನೆ. ಎದೆ ಬಿಗಿಯುತ್ತಿದೆ ಎಂದರೆ ಹರಳೆಣ್ಣೆ ಹಚ್ಚಿ ನೀವಿ, ಬಿಸಿನೀರಿನ ಚೀಲದಿಂದ ಶಾಖ ಕೊಡುವುದು ನಮ್ಮ ಮನೆಗಳ ವಾಡಿಕೆ. ಸ್ತನ ತೆಗೆದ ಜಾಗದಲ್ಲಿ ನರಗಳು ಕತ್ತರಿಸಿಹೋಗಿರುವುದರಿಂದ ಅಲ್ಲಿನ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು, ಚರ್ಮ ಸುಟ್ಟು, ಆ ಗಾಯದ ಮೂಲಕ ಸೋಂಕು ಒಳಗಿಳಿದರೆ ಎಕ್ಸ್‌ಪ್ಯಾಂಡರನ್ನೇ ತೆಗೆಯಬೇಕಾಗಿ ಬರಬಹುದು. ಮಂಜುಗಡ್ಡೆಯೂ ಅಷ್ಟೇ ಅಪಾಯಕಾರಿ. ಶಾಖವೂ ಬೇಡ, ತಿಕ್ಕುವುದೂ ಬೇಡ.

ಇನ್ನು ರೇಡಿಯೇಷನ್. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕ್ಯಾನ್ಸರಿನ ಚಿಕಿತ್ಸೆ ಮುಂದೆ ನಡೆಯಬೇಕು, ಪುನರ್ನಿರ್ಮಾಣ ಅದರ ಹಿಂದೆ ಬರಬೇಕು. ಎಕ್ಸ್‌ಪ್ಯಾಂಡರ್ ಪೂರ್ತಿ ತುಂಬಲಿ ಎಂದು ರೇಡಿಯೇಷನ್ನನ್ನು ತಿಂಗಳುಗಟ್ಟಲೆ ಮುಂದೂಡುವುದು ಸರಿಯಲ್ಲ. ಎಕ್ಸ್‌ಪ್ಯಾಂಡರ್ ಒಳಗಿರುವಾಗಲೇ ರೇಡಿಯೇಷನ್ ಕೊಡಲು ಸಾಧ್ಯವಿದೆ, ಅನೇಕ ಕಡೆ ಹಾಗೆ ಕೊಡುತ್ತಾರೆ. ಆದರೆ ಒಂದು ನಿಯಮವಿದೆ: ರೇಡಿಯೇಷನ್ ವಿಭಾಗದವರು ಯೋಜನೆಗಾಗಿ ಸಿಟಿ ಸ್ಕ್ಯಾನ್ ಮಾಡಿದ ದಿನ ಚೀಲದಲ್ಲಿ ಎಷ್ಟು ಸಲೈನ್ ಇತ್ತೋ ಚಿಕಿತ್ಸೆ ಮುಗಿಯುವವರೆಗೂ ಅಷ್ಟೇ ಇರಬೇಕು. ಕಿರಣಗಳ ಕೋನವನ್ನೂ ಪ್ರಮಾಣವನ್ನೂ ಆ ಆಕಾರಕ್ಕೆ ತಕ್ಕಂತೆ ಲೆಕ್ಕ ಹಾಕಿರುತ್ತಾರೆ. ನಡುವೆ ತುಂಬಿದರೂ ತೆಗೆದರೂ ಆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಇನ್ನೆಷ್ಟು ತುಂಬಿಸಬೇಕು, ಯಾವ ದಿನಾಂಕದೊಳಗೆ ತುಂಬಿಸಿ ಮುಗಿಸಬೇಕು ಎಂಬುದನ್ನು ನಿಮ್ಮ ಪ್ಲಾಸ್ಟಿಕ್ ಸರ್ಜನ್ ಮತ್ತು ರೇಡಿಯೇಷನ್ ವೈದ್ಯರು ಪರಸ್ಪರ ಮಾತನಾಡಿ ತೀರ್ಮಾನಿಸಲಿ. ಇಬ್ಬರೂ ಬೇರೆ ಬೇರೆ ಆಸ್ಪತ್ರೆಯವರಾದರೆ ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರಿಗೆ ತಲುಪಿಸುವ ಕೆಲಸ ನಿಮ್ಮ ಮೇಲೆಯೇ ಬೀಳುತ್ತದೆ. ಹಾಗೆ ಆಗಬಾರದು, ಆದರೂ ಆಗುತ್ತದೆ. ಇದುವರೆಗೆ ಒಟ್ಟು ಎಷ್ಟು ಮಿಲಿಲೀಟರ್ ತುಂಬಿದೆ, ಎಕ್ಸ್‌ಪ್ಯಾಂಡರಿನ ಕಂಪನಿ ಮತ್ತು ಮಾದರಿ ಯಾವುದು ಎಂದು ಬರೆಸಿಕೊಂಡು ಫೈಲಿನಲ್ಲಿಟ್ಟುಕೊಳ್ಳಿ.

ರೇಡಿಯೇಷನ್ನಿನಿಂದ ಪುನರ್ನಿರ್ಮಾಣಕ್ಕೆ ತೊಂದರೆಯಾಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇಂಪ್ಲಾಂಟಿನ ಸುತ್ತ ದೇಹ ಕಟ್ಟಿಕೊಳ್ಳುವ ತೆಳು ಪೊರೆ ದಪ್ಪಗಾಗಿ ಬಿಗಿದು ಸ್ತನವನ್ನು ಕುಗ್ಗಿಸಬಹುದು, ಗಾಯ ಬೇಗ ಮಾಯದಿರಬಹುದು, ಸೋಂಕು ತಗಲಬಹುದು, ಕೆಲವರಲ್ಲಿ ಎಕ್ಸ್‌ಪ್ಯಾಂಡರನ್ನು ತೆಗೆಯಲೇಬೇಕಾಗಬಹುದು. ಹಾಗಾದರೂ ದಾರಿ ಮುಚ್ಚಿಹೋಗುವುದಿಲ್ಲ, ಬೆನ್ನಿನ ಅಥವಾ ಹೊಟ್ಟೆಯ ಅಂಗಾಂಶದಿಂದ ಸ್ತನವನ್ನು ರೂಪಿಸುವ ವಿಧಾನಗಳಿವೆ. ರೇಡಿಯೇಷನ್ ಮುಗಿದ ಮೇಲೆ ಚರ್ಮ ಚೇತರಿಸಿಕೊಳ್ಳಲು ಸಾಮಾನ್ಯವಾಗಿ ಆರು ತಿಂಗಳಷ್ಟು ಕಾಯ್ದು ನಂತರ ಎರಡನೆಯ ಆಪರೇಷನ್ನಿಗೆ ಹೋಗುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಈ ಅವಧಿಯಲ್ಲಿ ಅದನ್ನು ಹತೋಟಿಯಲ್ಲಿಡುವುದು ಯಾವ ಔಷಧಿಗೂ ಕಡಿಮೆಯಲ್ಲ.

ಪಕ್ಕದ ಮನೆಯವರ ಮಾತಿಗೆ ಆಧಾರವಿಲ್ಲ. ಪುನರ್ನಿರ್ಮಾಣ ಮಾಡಿಸಿಕೊಂಡವರಲ್ಲಿ ಅದೇ ಕಾರಣದಿಂದ ಸ್ತನ ಕ್ಯಾನ್ಸರ್ ಹೆಚ್ಚಾಗಿ ಮರುಕಳಿಸುವುದು ಕಂಡುಬಂದಿಲ್ಲ. ಬೇರೊಂದು ವಿಷಯ ಮಾತ್ರ ನಿಜ: ಒರಟು ಮೈಯ ಕೆಲವು ಇಂಪ್ಲಾಂಟುಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ (ಸ್ತನ ಕ್ಯಾನ್ಸರಲ್ಲದ, ರೋಗನಿರೋಧಕ ಜೀವಕೋಶಗಳಲ್ಲಿ ಹುಟ್ಟುವ ಬೇರೆ ಕ್ಯಾನ್ಸರ್) ಕಾಣಿಸಿಕೊಂಡಿದ್ದು, ಅದೇ ಕಾರಣಕ್ಕೆ 2019ರ ಜುಲೈನಲ್ಲಿ ಅಲರ್ಗನ್ ಕಂಪನಿಯ ಒರಟು ಮೈಯ ಇಂಪ್ಲಾಂಟುಗಳನ್ನೂ ಎಕ್ಸ್‌ಪ್ಯಾಂಡರುಗಳನ್ನೂ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ನಿಮಗೆ ಇಡುವ ಇಂಪ್ಲಾಂಟ್ ನುಣುಪು ಮೈಯದೋ ಒರಟು ಮೈಯದೋ ಎಂದು ಮೊದಲೇ ಕೇಳಿ, ಅದರ ಕಾರ್ಡನ್ನು ಪಡೆದುಕೊಳ್ಳಿ. ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ, ಮುಂದೊಂದು ದಿನ ಬದಲಿಸಬೇಕಾಗಬಹುದು ಎಂಬುದೂ ನಿಮಗೆ ತಿಳಿದಿರಲಿ.

ನೀವು ಶಿಕ್ಷಕಿಯಾಗಿರುವುದರಿಂದ ಇನ್ನೆರಡು ಮಾತು. ಕಪ್ಪುಹಲಗೆಯ ಮೇಲ್ಭಾಗದಲ್ಲಿ ಬರೆಯಲು ಬಲಗೈಯನ್ನು ತಲೆಯಿಂದ ಮೇಲಕ್ಕೆ ಎತ್ತುವುದು ಸದ್ಯಕ್ಕೆ ಬೇಡ, ಎದೆಯ ಮಟ್ಟದಲ್ಲಿ ಬರೆಯಿರಿ. ಬಸ್ಸಿನಲ್ಲಿ ನಿಂತು ಬಲಗೈಯಿಂದ ಮೇಲಿನ ಕಂಬಿಯನ್ನು ಹಿಡಿಯಲೇಬೇಡಿ. ಚಾಲಕರು ಬ್ರೇಕ್ ಹಾಕಿದಾಗ ಇಡೀ ಮೈಭಾರ ಆ ಸ್ನಾಯುವಿನ ಮೇಲೆ ಜಗ್ಗುತ್ತದೆ. ಕಂಡಕ್ಟರಿಗೆ ಆಪರೇಷನ್ ಆಗಿದೆಯೆಂದು ಹೇಳಿ ಸೀಟು ಕೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ನೀರಿನ ಕೊಡ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಯಾವುದನ್ನೂ ವೈದ್ಯರು ಒಪ್ಪುವವರೆಗೆ ಎತ್ತಬೇಡಿ. ಹಾಗೆಂದು ಕೈಯನ್ನು ಪೂರ್ತಿ ಕಟ್ಟಿಹಾಕಿಕೊಂಡು ಕೂತರೂ ಭುಜ ಹಿಡಿದುಬಿಡುತ್ತದೆ, ರೇಡಿಯೇಷನ್ನಿಗೆ ಮಲಗುವಾಗ ಕೈಯನ್ನು ತಲೆಯ ಮೇಲಿಡಲು ಆಗದೆ ಚಿಕಿತ್ಸೆಯೇ ತಡವಾಗುತ್ತದೆ. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವಂಥ ವ್ಯಾಯಾಮವನ್ನು ಯಾವಾಗ ಶುರುಮಾಡಬೇಕು, ಎಲ್ಲಿಯವರೆಗೆ ಹೋಗಬೇಕು ಎಂದು ಫಿಸಿಯೋಥೆರಪಿಸ್ಟ್ ತೋರಿಸಿಕೊಡುತ್ತಾರೆ. ಇದನ್ನು ತಪ್ಪಿಸಬೇಡಿ.

ಎದೆಯ ಭಾಗ ಕೆಂಪಾಗಿ ಬಿಸಿಯೇರಿದರೆ, ಜ್ವರ ಬಂದರೆ, ಹೊಲಿಗೆಯಿಂದ ನೀರು ಅಥವಾ ಕೀವು ಒಸರಿದರೆ, ಚರ್ಮ ಕಪ್ಪಿಟ್ಟರೆ ಮುಂದಿನ ಒಪಿಡಿ ದಿನಕ್ಕೆ ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ಅತ್ತೆಯವರ ಮಾತಿನ ಬಗ್ಗೆ: ಅವರು ನಿಮ್ಮ ನೋವನ್ನು ನೋಡಲಾರದೆ ಹಾಗೆ ಹೇಳುತ್ತಿರಬಹುದು. ಆದರೆ ಬೇಕೋ ಬೇಡವೋ ಎಂಬುದನ್ನು ವಯಸ್ಸೂ ನಿರ್ಧರಿಸುವುದಿಲ್ಲ, ಮಕ್ಕಳ ವಯಸ್ಸೂ ನಿರ್ಧರಿಸುವುದಿಲ್ಲ. ಮುಂದೆಂದಾದರೂ ಸಾಕೆನ್ನಿಸಿದರೆ ಎಕ್ಸ್‌ಪ್ಯಾಂಡರನ್ನು ತೆಗೆಸಿ ಎದೆಯನ್ನು ಸಪಾಟಾಗಿಯೇ ಬಿಡುವ ಆಯ್ಕೆ ನಿಮಗೆ ಯಾವಾಗಲೂ ಇದೆ. ಆದರೆ ಆ ಮಾತು ನಿಮ್ಮ ಬಾಯಿಂದ ಬರಲಿ, ಬೇರೆಯವರ ಹೆದರಿಕೆಯಿಂದ ಬಾರದಿರಲಿ.

ಪ್ರಶ್ನೆ: ನಮ್ಮ ತಾಯಿಗೆ 52 ವರ್ಷ, ನಾವು ಮೈಸೂರಿನ ಕುವೆಂಪುನಗರದವರು. ಅವರಿಗೆ ಎಡಗಡೆ ಎಕ್ಸ್‌ಪ್ಯಾಂಡರ್ ಇದೆ. ಎರಡು ವಾರದಿಂದ ಬೆನ್ನುನೋವೆಂದು ಬೇರೊಬ್ಬ ವೈದ್ಯರ ಬಳಿ ಹೋದಾಗ ಎಂಆರ್‌ಐ ಬರೆದುಕೊಟ್ಟರು. ಮಾಡಿಸಬಹುದೇ?

ಉತ್ತರ: ಅವರನ್ನು ಎಂಆರ್‌ಐ ಕೋಣೆಗೆ ಕಳಿಸುವ ಮುನ್ನ ಎಕ್ಸ್‌ಪ್ಯಾಂಡರ್ ಯಾವ ಬಗೆಯದೆಂದು ತಿಳಿಯಲೇಬೇಕು. ಮೇಲೆ ಹೇಳಿದ ಅಯಸ್ಕಾಂತ ಬಹುತೇಕ ಎಕ್ಸ್‌ಪ್ಯಾಂಡರುಗಳಲ್ಲಿ ಇರುತ್ತದೆ. ಎಂಆರ್‌ಐ ಯಂತ್ರವೇ ಒಂದು ಬಲವಾದ ಅಯಸ್ಕಾಂತವಾದ್ದರಿಂದ ಒಳಗಿನ ಭಾಗ ಜಗ್ಗಿ ಸ್ಥಳ ಬಿಡಬಹುದು, ತೀವ್ರ ನೋವಾಗಬಹುದು, ಮತ್ತೆ ಆಪರೇಷನ್ ಮಾಡಬೇಕಾಗಿ ಬರಬಹುದು. ಅಯಸ್ಕಾಂತವಿಲ್ಲದ ಹೊಸ ಮಾದರಿಗಳೂ ಬಂದಿವೆ, ಆದ್ದರಿಂದ ಡಿಸ್ಚಾರ್ಜ್ ಪತ್ರದೊಂದಿಗೆ ಕೊಟ್ಟ ಕಾರ್ಡನ್ನು ನೋಡಿ, ಇಲ್ಲವಾದರೆ ಆಪರೇಷನ್ ಮಾಡಿದ ವೈದ್ಯರನ್ನೇ ಕೇಳಿ. ಸ್ಕ್ಯಾನ್ ಮಾಡುವವರು ಮೈಯಲ್ಲಿ ಲೋಹವಿದೆಯೇ ಎಂದು ಕೇಳಿದಾಗ ನಮ್ಮ ತಾಯಂದಿರು ಕಿವಿಯೋಲೆ, ತಾಳಿ ತೆಗೆದಿಟ್ಟೆ ಎಂದು ಹೇಳಿ ಸುಮ್ಮನಾಗುತ್ತಾರೆ. ಎಕ್ಸ್‌ಪ್ಯಾಂಡರಿನಲ್ಲಿ ಲೋಹವಿರುವ ವಿಷಯವೇ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ನೀವು ಜೊತೆಗಿದ್ದು ಹೇಳಿ.

ಆದರೆ ಎಂಆರ್‌ಐ ಬೇಡವೆಂದ ಮಾತ್ರಕ್ಕೆ ಬೆನ್ನುನೋವನ್ನು ಕಡೆಗಣಿಸಬಾರದು. ಕ್ಯಾನ್ಸರ್ ಬಂದಿದ್ದವರಲ್ಲಿ ಹೊಸದಾಗಿ ಶುರುವಾಗಿ ಕಡಿಮೆಯಾಗದ ಬೆನ್ನುನೋವನ್ನು ಕ್ಯಾನ್ಸರ್ ವೈದ್ಯರೇ ನೋಡಬೇಕು. ಎಕ್ಸ್-ರೇ, ಸಿಟಿ, ಬೋನ್ ಸ್ಕ್ಯಾನ್, ಪೆಟ್ ಸ್ಕ್ಯಾನ್ ಯಾವುದಕ್ಕೂ ಎಕ್ಸ್‌ಪ್ಯಾಂಡರ್ ಅಡ್ಡಿಯಾಗುವುದಿಲ್ಲ. ಕಾಲಿನಲ್ಲಿ ಬಲ ಕುಂದಿದರೆ, ಜೋಮು ಏರುತ್ತಾ ಬಂದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಒಂದು ದಿನವನ್ನೂ ಕಳೆಯಬೇಡಿ. ಎಕ್ಸ್‌ಪ್ಯಾಂಡರ್ ಬದಲಿಸಿ ಸಿಲಿಕೋನ್ ಇಂಪ್ಲಾಂಟ್ ಇಟ್ಟ ಮೇಲೆ ಎಂಆರ್‌ಐಗೆ ಈ ಅಡ್ಡಿ ಇರುವುದಿಲ್ಲ.

ಪ್ರಶ್ನೆ: ನಾನು ಶ್ರೀರಂಗಪಟ್ಟಣದವಳು, ವಯಸ್ಸು 57. ಆರು ವರ್ಷದ ಹಿಂದೆ ಎಡ ಸ್ತನ ತೆಗೆದು ರೇಡಿಯೇಷನ್ ಕೊಟ್ಟರು. ಮತ್ತೆ ಸ್ತನ ರೂಪಿಸಬಹುದೆಂದು ಆಗ ಯಾರೂ ಹೇಳಲಿಲ್ಲ. ರವಿಕೆಯೊಳಗೆ ಬಟ್ಟೆ ಮಡಿಸಿಟ್ಟುಕೊಂಡು ಓಡಾಡುತ್ತೇನೆ, ಬಗ್ಗಿದರೆ ಅದು ಜಾರುತ್ತದೆ. ಈಗ ಎಕ್ಸ್‌ಪ್ಯಾಂಡರ್ ಹಾಕಿಸಿಕೊಳ್ಳಬಹುದೇ? ನಮ್ಮ ಯಜಮಾನರು ನಿನ್ನ ಇಷ್ಟ ಎನ್ನುತ್ತಾರೆ.

ಉತ್ತರ: ಯಾರೂ ಹೇಳಲಿಲ್ಲ ಎಂಬ ನಿಮ್ಮ ಮಾತು ನನ್ನನ್ನು ಬಹಳ ಕಾಡಿತು. ಸ್ತನವನ್ನು ಉಳಿಸಿಕೊಂಡೇ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಡಲು ಸಾಧ್ಯವೇ, ತೆಗೆಯಲೇಬೇಕಾದರೆ ಮತ್ತೆ ರೂಪಿಸುವ ದಾರಿ ಯಾವುದು, ಎರಡೂ ಬೇಡವಾದರೆ ಏನು ಎಂಬುದನ್ನೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ರೋಗಿಯ ಮುಂದಿಡುವುದು ವೈದ್ಯರ ಕರ್ತವ್ಯ. ಮೊದಲ ಹಂತದ ಕ್ಯಾನ್ಸರಿನಲ್ಲಿ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಪಡೆದವರೂ ಇಡೀ ಸ್ತನವನ್ನು ತೆಗೆಸಿಕೊಂಡವರೂ ಒಂದೇ ಪ್ರಮಾಣದಲ್ಲಿ ಬದುಕುಳಿಯುತ್ತಾರೆಂಬುದು 20 ವರ್ಷಗಳ ಅಧ್ಯಯನಗಳಿಂದ ದೃಢಪಟ್ಟು 2002ರಲ್ಲೇ ಪ್ರಕಟವಾಗಿದೆ. ಹಾಗಿದ್ದೂ ನಮ್ಮ ಭಾಗದಲ್ಲಿ ಎಷ್ಟೋ ಹೆಂಗಸರಿಗೆ ಈ ಮಾತು ತಲುಪುವುದೇ ಇಲ್ಲ.

ಆರು ವರ್ಷ ಕಳೆದಿದ್ದರೂ ಪುನರ್ನಿರ್ಮಾಣ ಸಾಧ್ಯ. ಆದರೆ ನಿಮ್ಮಂಥವರಿಗೆ ಬರೀ ಎಕ್ಸ್‌ಪ್ಯಾಂಡರನ್ನು ನಾನು ಸಾಮಾನ್ಯವಾಗಿ ಸೂಚಿಸುವುದಿಲ್ಲ. ರೇಡಿಯೇಷನ್ ತಾಗಿದ ಚರ್ಮ ತನ್ನ ಹಿಗ್ಗುವ ಗುಣವನ್ನು ಬಹುಪಾಲು ಕಳೆದುಕೊಂಡು ಒಳಗಿನ ಗೋಡೆಗೆ ಅಂಟಿಕೊಂಡಿರುತ್ತದೆ, ಒತ್ತಾಯದಿಂದ ಹಿಗ್ಗಿಸಿದರೆ ಸೀಳುವ, ಸೋಂಕಾಗುವ ಅಪಾಯ ಹೆಚ್ಚು. ಅಂಥ ಕಡೆ ಹೊಸ ಚರ್ಮವನ್ನೂ ಹೊಸ ರಕ್ತ ಸಂಚಾರವನ್ನೂ ಬೇರೆ ಜಾಗದಿಂದ ತರುವುದು ಒಳ್ಳೆಯದು. ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳಗಳ ಸಮೇತ ಎತ್ತಿ, ಎದೆಯ ರಕ್ತನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಜೋಡಿಸುವುದು ಒಂದು ವಿಧಾನ. ಇದು ಹಲವು ಗಂಟೆಗಳ ದೊಡ್ಡ ಆಪರೇಷನ್, ಇದರಲ್ಲಿ ಪಳಗಿದ ತಂಡವಿರುವ ಆಸ್ಪತ್ರೆಯಲ್ಲಿ ಮಾತ್ರ ಮಾಡಿಸಬೇಕು. ಬೆನ್ನಿನ ಸ್ನಾಯುವನ್ನು ಚರ್ಮದೊಂದಿಗೆ ಮುಂದಕ್ಕೆ ತಿರುಗಿಸಿ, ಅಗತ್ಯವಿದ್ದರೆ ಅದರ ಕೆಳಗೆ ಎಕ್ಸ್‌ಪ್ಯಾಂಡರ್ ಅಥವಾ ಇಂಪ್ಲಾಂಟ್ ಇಡುವುದು ಇನ್ನೊಂದು ವಿಧಾನ. ಹಳೆಯ ಸ್ಪರ್ಶಜ್ಞಾನ ಯಾವುದರಲ್ಲಿಯೂ ಪೂರ್ತಿಯಾಗಿ ಮರಳುವುದಿಲ್ಲ. ತೊಟ್ಟನ್ನು ಬೇಕೆನ್ನಿಸಿದರೆ ಕೊನೆಯ ಹಂತದಲ್ಲಿ ಚರ್ಮದಿಂದ ರೂಪಿಸಿ ಅಥವಾ ಹಚ್ಚೆಯಿಂದ ಬಣ್ಣ ಕೊಟ್ಟು ಮಾಡುತ್ತಾರೆ.

ಹೃದಯ, ಸಕ್ಕರೆ, ರಕ್ತದೊತ್ತಡ ಎಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಇದನ್ನು ನಿರ್ಧರಿಸಬೇಕು, 57 ಎಂಬುದೊಂದೇ ಅಡ್ಡಿಯಲ್ಲ. ಆಪರೇಷನ್ ಬೇಡವೆನ್ನಿಸಿದರೆ ಮಡಿಸಿದ ಬಟ್ಟೆಗಿಂತ ಎಷ್ಟೋ ಉತ್ತಮವಾದ ಸಿಲಿಕೋನಿನ ಕೃತಕ ಸ್ತನಗಳು ಸಿಗುತ್ತವೆ. ಒಳಜೇಬಿರುವ ಬ್ರಾ ತೊಟ್ಟರೆ ಬಗ್ಗಿದರೂ ಜಾರುವುದಿಲ್ಲ. ಇನ್ನೊಂದು ಸ್ತನದಷ್ಟೇ ತೂಕವಿರುವುದನ್ನು ಆರಿಸಿಕೊಂಡರೆ ಭಾರ ಒಂದೇ ಕಡೆಗೆ ವಾಲದೆ ಕುತ್ತಿಗೆಗೂ ಭುಜಕ್ಕೂ ಆರಾಮವೆನ್ನಿಸುತ್ತದೆ. ಯಾವುದನ್ನು ಆರಿಸಿಕೊಂಡರೂ ಬಲ ಸ್ತನದ ಮ್ಯಾಮೊಗ್ರಾಮನ್ನು ವರ್ಷಕ್ಕೊಮ್ಮೆ ಮಾಡಿಸುವುದನ್ನು ಬಿಡಬೇಡಿ.

ಪ್ರಶ್ನೆ: ನನ್ನ ಹೆಂಡತಿಯ ಎರಡನೆಯ ಆಪರೇಷನ್ನಿಗೆ, ಅಂದರೆ ಎಕ್ಸ್‌ಪ್ಯಾಂಡರ್ ತೆಗೆದು ಇಂಪ್ಲಾಂಟ್ ಇಡುವುದಕ್ಕೆ, ವಿಮಾ ಕಂಪನಿಯೊಂದು ಇದು ಸೌಂದರ್ಯ ಚಿಕಿತ್ಸೆ ಎಂದು ಹಣ ನಿರಾಕರಿಸಿದೆ. ನಾವು ಮಂಡ್ಯದವರು. ಏನು ಮಾಡಬೇಕು?

ಉತ್ತರ: ಆ ನಿರಾಕರಣೆಯನ್ನು ಒಪ್ಪಿಕೊಳ್ಳಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳಿಗೆ, ಅಂದರೆ ಯಾವುದಕ್ಕೆ ವಿಮೆಯ ಹಣ ಸಿಗುವುದಿಲ್ಲ ಎಂಬ ಷರತ್ತುಗಳಿಗೆ, ಒಂದೇ ರೀತಿಯ ಪದಗಳನ್ನು ಗೊತ್ತುಪಡಿಸಿದೆ. ಅದರಲ್ಲಿ ಸೌಂದರ್ಯ ಮತ್ತು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವ ಷರತ್ತಿಗೆ 08 ಎಂಬ ಸಂಕೇತವಿದ್ದು, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್ನಿರ್ಮಾಣಕ್ಕೆ ಅದೇ ಷರತ್ತು ವಿನಾಯಿತಿ ಕೊಡುತ್ತದೆ. ನಿಮ್ಮ ಪಾಲಿಸಿಯ ಪುಸ್ತಕದಲ್ಲಿ ಆ ಷರತ್ತನ್ನು ಹುಡುಕಿ ಗೆರೆ ಎಳೆಯಿರಿ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಪತ್ರ, ಬಯಾಪ್ಸಿ ವರದಿ, ಎಕ್ಸ್‌ಪ್ಯಾಂಡರಿನ ವಿವರ, ಮತ್ತು ಈಗಿನದು ಅದೇ ಚಿಕಿತ್ಸೆಯ ಎರಡನೆಯ ಹಂತವೆಂದು ಸರ್ಜನ್ ಸ್ಪಷ್ಟವಾಗಿ ಬರೆದ ಪತ್ರ, ಇವನ್ನು ಲಗತ್ತಿಸಿ. ಆ ಪತ್ರದಲ್ಲಿ ಕ್ಯಾನ್ಸರಿನ ನಂತರದ ಪುನರ್ನಿರ್ಮಾಣ ಎಂಬ ಮಾತು ಇರಲೇಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನ ಕೊಡುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ತಲುಪಬೇಕು.

ಬಿಪಿಎಲ್ ಕಾರ್ಡ್ ಇರುವ ಓದುಗರು ಇದೇ ಸಂದರ್ಭದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಬೇಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಅದರಲ್ಲಿದೆ. ಸ್ತನ ತೆಗೆಯುವ ಆಪರೇಷನ್ನಿನ ಜೊತೆಗೆ ಎಕ್ಸ್‌ಪ್ಯಾಂಡರಿನ ವೆಚ್ಚವೂ ಸೇರುತ್ತದೆಯೇ, ಎರಡನೆಯ ಹಂತಕ್ಕೆ ಪ್ರತ್ಯೇಕ ಅನುಮತಿ ಬೇಕೇ ಎಂಬುದನ್ನು ಆಸ್ಪತ್ರೆಗೆ ದಾಖಲಾಗುವ ಮುನ್ನವೇ ಅಲ್ಲಿ ಈ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರನ್ನು ಕೇಳಿ, ಅವರ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.